ಕೆರೆಯ ಕಾಟ್ಲಾದಿಂದ ಕಡಲ ಕೋಬಿಯಾವರೆಗೆ

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯಂಥ ಬಯಲುಸೀಮೆಯ ಊರುಗಳಲ್ಲಿ ಕೆರೆ ತುಂಬಿದ ವರ್ಷ ಬಿಡುವ ಕಾಟ್ಲಾ, ರೋಹು ಮರಿಗಳು ಆ ನಿಂತ ನೀರಿನಲ್ಲಿ ತಾವಾಗಿ ಹುಟ್ಟುವಂಥವಲ್ಲ. ಮುಂಗಾರಿನ ಹೊಸನೀರು ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವ ಈ ಗೆಂಡೆ ಜಾತಿಯ ಮೀನುಗಳಿಗೆ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆಯಿಡಿಸುವ ವಿಧಾನವನ್ನು ಹೀರಾಲಾಲ್ ಚೌಧರಿ ಮತ್ತು ಅಲಿಕುಂಞಿ 1957ರಲ್ಲಿ ಒಡಿಶಾದಲ್ಲಿ ಸಾಧಿಸಿದ್ದರಿಂದಲೇ ಒಳನಾಡಿನ ಮೀನುಕೃಷಿ ಬೆಳೆಯಿತು. ಸಮುದ್ರದ ದೊಡ್ಡ ಮೀನುಗಳಿಗೆ ಇದೇ ತತ್ತ್ವವನ್ನು ಅನ್ವಯಿಸಲು ಮಾತ್ರ ಇನ್ನೂ ಹಲವು ದಶಕಗಳು ಬೇಕಾದವು.

ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂನಲ್ಲಿ 2010ರಲ್ಲಿ ಕೋಬಿಯಾ ಮೀನಿನಿಂದ ಭಾರತದಲ್ಲಿ ಮೊದಲ ಬಾರಿಗೆ ಮರಿ ಪಡೆಯಿತು. ಹೆಣ್ಣುಮೀನಿನ ಅಂಡಾಶಯಕ್ಕೆ ಸಪೂರವಾದ ನಳಿಕೆಯನ್ನು ತೂರಿಸಿ ಹೀರಿದ ಕೆಲವು ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಅಳೆದು, ಅವು 700 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತರಲ್ಲಿ ಏಳು ಭಾಗದಷ್ಟು ಬಲಿತಿದ್ದರೆ ಮಾತ್ರ ಹಾರ್ಮೋನು ಚುಚ್ಚಲಾಗುತ್ತದೆ. ಹೀಗೆ ಬಳಸುವ ಹಾರ್ಮೋನು ಗರ್ಭಿಣಿಯರ ದೇಹದಲ್ಲಿ ಉತ್ಪತ್ತಿಯಾಗುವಂಥದ್ದೇ ಎಂಬುದು, ಜೀವಜಾತಿಗಳ ನಡುವಿನ ಆಳವಾದ ನಂಟನ್ನು ತೋರಿಸುತ್ತದೆ.

ಆದರೆ ಮೊಟ್ಟೆಯಿಡಿಸುವುದಕ್ಕಿಂತ ಮರಿಯನ್ನು ಉಳಿಸಿಕೊಳ್ಳುವುದೇ ಕಷ್ಟ. ಸುಮಾರು ಒಂದು ದಿನದಲ್ಲಿ ಮೊಟ್ಟೆಯೊಡೆದು ಬರುವ ಮರಿ ಎರಡು ಮೂರು ದಿನ ತನ್ನದೇ ಹಳದಿ ಚೀಲದ ಆಹಾರದಲ್ಲಿ ಬದುಕುತ್ತದೆ. ಬಾಯಿ ತೆರೆದ ಕೂಡಲೇ ಅದರೊಳಗೆ ಹಿಡಿಸುವಷ್ಟು ಸಣ್ಣ ಜೀವಂತ ಆಹಾರ ಸಿಗದಿದ್ದರೆ ತೊಟ್ಟಿಯ ಮರಿಗಳು ಸಾಮೂಹಿಕವಾಗಿ ಸಾಯುತ್ತವೆ. ಅದಕ್ಕಾಗಿ ಪಾಚಿಯನ್ನೂ, ಪಾಚಿ ತಿಂದು ಬದುಕುವ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನೂ, ಆಮೇಲೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಸೀಗಡಿಜಾತಿಯ ಜೀವಿಯನ್ನೂ ಬೇರೆಯಾಗಿ ಬೆಳೆಸಬೇಕು. ಸ್ವಲ್ಪ ಬೆಳೆದ ಮರಿಗಳು ತಮಗಿಂತ ಚಿಕ್ಕವನ್ನೇ ನುಂಗುವುದರಿಂದ ಗಾತ್ರಕ್ಕೆ ತಕ್ಕಂತೆ ಪದೇ ಪದೇ ವಿಂಗಡಿಸಬೇಕು. ಇಂಥ ತೊಡಕುಗಳ ನಡುವೆ ಜಪಾನಿನ ಕಿಂಕಿ ವಿಶ್ವವಿದ್ಯಾಲಯ ಬ್ಲೂಫಿನ್ ಟ್ಯೂನಾ ಮೀನಿನ ಕೃಷಿಯನ್ನು 1970ರಲ್ಲಿ ಕೈಗೆತ್ತಿಕೊಂಡು, ಸಾಕಿದ ಮೀನಿನಿಂದಲೇ ಮುಂದಿನ ಪೀಳಿಗೆ ಪಡೆದದ್ದು 2002ರಲ್ಲಿ. ಈ ಮೀನಿನ ಮರಿಗಳು ಬಲೆಗೋಡೆಗೆ ಡಿಕ್ಕಿ ಹೊಡೆದು ಸಾಯುವುದೂ ಆ ವಿಳಂಬದ ಕಾರಣಗಳಲ್ಲೊಂದು.

ಕರ್ನಾಟಕದಲ್ಲಿ ಅದೇ ಸಂಶೋಧನಾ ಸಂಸ್ಥೆಯ ಕಾರವಾರ ಕೇಂದ್ರ ಕಡಲ ಪಂಜರಗಳಲ್ಲಿ ಕೋಬಿಯಾ, ಸೀಬಾಸ್ ಮೀನುಗಳನ್ನು ಬೆಳೆಸಿ ತೋರಿಸಿದೆ. ಪಂಜರ ಕಟ್ಟುವ ಬೆಸ್ತ ಕುಟುಂಬಕ್ಕೆ ಸಕಾಲದಲ್ಲಿ ಮರಿ ಸಿಗುವುದು ಎಷ್ಟು ಮುಖ್ಯವೋ, ಮೀನಿನ ಮೇವೂ ಅಷ್ಟೇ ಮುಖ್ಯ. ಕಾಟ್ಲಾ ಕೆರೆಯ ಸೂಕ್ಷ್ಮಜೀವಿಗಳನ್ನು ತಿಂದು ಬೆಳೆಯುತ್ತದೆ. ಆದರೆ ಮಾಂಸಾಹಾರಿಯಾದ ಕೋಬಿಯಾಕ್ಕೆ ಸಣ್ಣ ಮೀನೋ ಮೀನಿನ ಪುಡಿ ಬೆರೆತ ಆಹಾರವೋ ಬೇಕಾಗುತ್ತದೆ. ಕರಾವಳಿಯ ಬಡವರ ಊಟದ ಭೂತಾಯಿ ಮೀನೇ ದೊಡ್ಡ ಮೀನಿನ ಮೇವಾಗದಂತೆ, ಸೋಯಾದಂಥ ಸಸ್ಯಮೂಲದ ಪ್ರೋಟೀನನ್ನು ಹೆಚ್ಚಾಗಿ ಬಳಸುವ ಆಹಾರವನ್ನು ರೂಪಿಸುವ ಕೆಲಸ ಮರಿ ಉತ್ಪಾದನೆಯ ಜೊತೆಜೊತೆಗೇ ನಡೆಯಬೇಕಾಗಿದೆ.