ತಳಪಾಯ ಎಲ್ಲರದಾಗಿರಲಿ

ಕಂಪನಿಗಳು ಮಾರುವ ಆಪರೇಟಿಂಗ್ ಸಿಸ್ಟಂಗಳ ತಳಪಾಯವು ಎಲ್ಲರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶವಾಗಿರಬೇಕೆ? ಆಗಿರಬೇಕೆಂದೇ ನಮ್ಮ ಅಭಿಪ್ರಾಯ.

ಇದು ಆಗದ ಮಾತೇನಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನ ಮೇಲೆಯೇ ಗೂಗಲ್ಲಿನ ಆಂಡ್ರಾಯ್ಡ್ ನಿಂತಿದೆ. ಆಪಲ್ ಕಂಪನಿಯೂ 2000ದಲ್ಲಿ ಡಾರ್ವಿನ್ ಎಂಬ ತನ್ನ ತಳಪಾಯವನ್ನು ಬಹಿರಂಗಪಡಿಸಿ, ಮೇಲಂತಸ್ತನ್ನು ಮಾತ್ರ ಮುಚ್ಚಿಟ್ಟುಕೊಂಡಿತು. ಅದರಿಂದ ಅದರ ವ್ಯಾಪಾರವೇನೂ ಕುಂದಲಿಲ್ಲ.

ಗುಂಡುಮಾಲಿನಂಥ ಗಡಿಯೂರಿನ ಕನ್ನಡ ಮನೆಗಳಿಗೆ ಇದರಿಂದೇನು? 'ರಾಷ್ಟ್ರ' ಎಂಬ ಪದವನ್ನು ನೋಡಿರಿ. ಷಕಾರಕ್ಕೆ ಎರಡು ಒತ್ತುಗಳನ್ನು ಕ್ರಮವಾಗಿ ಜೋಡಿಸುವ ಕೆಲಸವನ್ನು ಆಂಡ್ರಾಯ್ಡಿನಲ್ಲಿ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಅಲ್ಲಿ ತಪ್ಪು ಕಂಡರೆ, ಬಲ್ಲ ಕನ್ನಡಿಗನೊಬ್ಬ ತಾನೇ ತಿದ್ದಿ ಕಳುಹಿಸಬಹುದು. ಫೈರ್‌ಫಾಕ್ಸಿನಲ್ಲಿಯೂ ಅದೇ ಇರುವುದರಿಂದ ಒಂದು ತಿದ್ದುಪಡಿ ಹಲವೆಡೆ ಫಲಿಸೀತು. ಮುಚ್ಚಿದ ವ್ಯವಸ್ಥೆಯಲ್ಲಾದರೋ ಕಂಪನಿಗೆ ಬರೆದುಕೊಂಡು ಕಾಯಬೇಕು. ಗಿರಾಕಿಗಳು ಕಡಿಮೆಯಿರುವ ಭಾಷೆಯ ಸರದಿ ಬರುವುದು ತಡವಾಗಿಯೇ.

ಆದರೆ ಷರತ್ತೊಂದುಂಟು. ತಿದ್ದಿ ಹಂಚುವವರು ತಿದ್ದಿದ್ದನ್ನೂ ತೆರೆದಿಡಬೇಕೆಂದು ಲಿನಕ್ಸಿನ ಪರವಾನಗಿ ವಿಧಿಸುತ್ತದೆ. ಬಿಎಸ್‌ಡಿ ಪರವಾನಗಿಯಲ್ಲಿ ಆ ಕಟ್ಟಳೆಯಿಲ್ಲ. ಊರ ಕೆರೆಯ ನೀರು ಹಾಯಿಸಿಕೊಂಡವನು ಹೂಳೆತ್ತಲೂ ಬರಬೇಕಷ್ಟೆ? ಆದುದರಿಂದ ಮೊದಲನೆಯದೇ ಮೇಲು.

ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ಹೋಗಬಲ್ಲವರೂ ಬೇಕು. ಕನ್ನಡವನ್ನೂ ಗಣಕವನ್ನೂ ಬಲ್ಲ ಮಕ್ಕಳನ್ನು ಬೆಳೆಸುವುದು ನಮ್ಮ ಮನೆಗಳ ಹೊಣೆ.