ಕುರ್ಚಿ, ಮಂಜುಗಡ್ಡೆ, ಮರಳು: ಡೆಟ್ರಾಯಿಟ್ ಪೇಟೆಗೆ ಜನ ಮರಳಿದ ಬಗೆ

ಅಮೆರಿಕದ ಮಿಚಿಗನ್ ರಾಜ್ಯದ ಡೆಟ್ರಾಯಿಟ್ ನಗರವು 1805ರ ಬೆಂಕಿಯಲ್ಲಿ ಊರಿಗೆ ಊರೇ ಸುಟ್ಟುಹೋದಾಗ, ನ್ಯಾಯಾಧೀಶ ಆಗಸ್ಟಸ್ ವುಡ್‌ವರ್ಡ್ ಹೊಸ ನಕ್ಷೆಯನ್ನು ರೂಪಿಸಿ, ಕ್ಯಾಂಪಸ್ ಮಾರ್ಷಿಯಸ್ ಎಂಬ ತೆರೆದ ಬಯಲನ್ನು ಅದರ ನಡುವೆ ಇರಿಸಿದರು. ಹೆದ್ದಾರಿಗಳು ನಾಲ್ಕೂ ಕಡೆಗೆ ಹೊರಡುತ್ತಿದ್ದ ಈ ಬಯಲು ಸಭೆಗಳಿಗೂ ಮೆರವಣಿಗೆಗಳಿಗೂ ನೆಲೆಯಾಗಿತ್ತು. ಆದರೆ ಇಪ್ಪತ್ತನೇ ಶತಮಾನದಲ್ಲಿ ಮೋಟಾರು ಉದ್ಯಮದ ರಾಜಧಾನಿಯೆನಿಸಿಕೊಂಡ ಅದೇ ನಗರದಲ್ಲಿ ಕಾರುಗಳಿಗಾಗಿ ರಸ್ತೆಗಳನ್ನು ಅಗಲಿಸುತ್ತ ಹೋದಂತೆ, ಚೌಕವು ಸಂಚಾರದ ನಡುವಿನ ದ್ವೀಪಗಳಾಗಿ ಕರಗಿಹೋಯಿತು.

ಪೇಟೆಯ ಅವನತಿಗೆ ಕಾರಣಗಳು ಇನ್ನೂ ಆಳವಾಗಿದ್ದವು. 1950ರಲ್ಲಿ ಹದಿನೆಂಟು ಲಕ್ಷ ದಾಟಿದ್ದ ಜನಸಂಖ್ಯೆ 2010ರ ಹೊತ್ತಿಗೆ ಸುಮಾರು ಏಳು ಲಕ್ಷಕ್ಕೆ ಇಳಿಯಿತು; ಕಾರ್ಖಾನೆಗಳು, ಬಿಳಿಯರ ಕುಟುಂಬಗಳು, ಅವರ ಹಿಂದೆಯೇ ಅಂಗಡಿಗಳು ಹೊರವಲಯಕ್ಕೆ ಸಾಗಿದವು. ಚೌಕದ ಹತ್ತಿರವೇ ಇದ್ದ ಹಡ್ಸನ್ಸ್ ಎಂಬ ಬೃಹತ್ ಬಹುಸರಕು ಮಳಿಗೆ 1983ರಲ್ಲಿ ಬಾಗಿಲು ಮುಚ್ಚಿತು, 1998ರಲ್ಲಿ ಅದರ ಕಟ್ಟಡವನ್ನು ಸ್ಫೋಟಕಗಳಿಂದ ಉರುಳಿಸಲಾಯಿತು. ಇದಕ್ಕೂ ಮೊದಲು, 1977ರಲ್ಲಿ, ನದೀತೀರದಲ್ಲಿ ತೆರೆದ ರಿನೈಸೆನ್ಸ್ ಸೆಂಟರ್ ಎಂಬ ಗೋಪುರ ಸಮುಚ್ಚಯವು ಪೇಟೆಯನ್ನು ಉಳಿಸುವುದೆಂಬ ದೊಡ್ಡ ನಿರೀಕ್ಷೆಯಿತ್ತು. ಆದರೆ ಕಚೇರಿ, ಹೋಟೆಲು, ಅಂಗಡಿಗಳೆಲ್ಲ ಒಳಗೇ ಇದ್ದು, ಬೀದಿಯ ಕಡೆಗೆ ಕೋಟೆಯಂತಹ ಕಾಂಕ್ರೀಟ್ ದಿಬ್ಬಗಳು ನಿಂತಿದ್ದುದರಿಂದ, ಅಲ್ಲಿಗೆ ಬಂದವರಿಗೆ ಪೇಟೆಯೊಳಗೆ ಕಾಲಿಡುವ ಅಗತ್ಯವೇ ಬೀಳಲಿಲ್ಲ.

ಈ ಸೋಲಿಗೆ ಉತ್ತರವೆನ್ನಬಹುದಾದ ಚಿಂತನೆ ನ್ಯೂಯಾರ್ಕಿನಲ್ಲಿ ಬೆಳೆದಿತ್ತು. ವಿಲಿಯಂ ಎಚ್. ವೈಟ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಅಲ್ಲಿನ ಕಚೇರಿ ಕಟ್ಟಡಗಳ ಮುಂದಿನ ಬಯಲುಗಳನ್ನು ಕ್ಯಾಮೆರಾಗಳಿಂದ ದಿನವಿಡೀ ಚಿತ್ರೀಕರಿಸಿ, ಯಾವುದು ತುಂಬಿರುತ್ತದೆ, ಯಾವುದು ಬಣಗುಟ್ಟುತ್ತದೆ ಎಂದು ಅಧ್ಯಯನ ಮಾಡಿದರು. ಜನ ಕುಳಿತುಕೊಳ್ಳುವುದು ಕುಳಿತುಕೊಳ್ಳಲು ಜಾಗವಿರುವಲ್ಲಿ ಎಂಬುದು ಅವರ ಮುಖ್ಯ ತೀರ್ಮಾನ; ಸರಳವೆಂದು ತೋರುವ ಈ ಮಾತನ್ನು ಅಂದಿನ ಅನೇಕ ವಾಸ್ತುಶಿಲ್ಪಿಗಳು ಮರೆತೇಬಿಟ್ಟಿದ್ದರು. ಅಲುಗಾಡಿಸಬಲ್ಲ ಕುರ್ಚಿ ಸಿಕ್ಕರೆ ಬಂದವರು ಕೂರುವ ಮುನ್ನ ಅದನ್ನು ಒಂದೆರಡು ಅಂಗುಲವಾದರೂ ಸರಿಸುತ್ತಾರೆ, ಎಷ್ಟೋ ವೇಳೆ ಅದು ಇದ್ದಲ್ಲಿಗೇ ಬಂದು ನಿಲ್ಲುತ್ತದೆ ಎಂಬುದನ್ನೂ ಅವರು ಗಮನಿಸಿದರು. ಸಾರ್ವಜನಿಕ ಸ್ಥಳದಲ್ಲಿ ಆಯ್ಕೆ ತನ್ನದೆಂಬ ಭಾವನೆ ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಕಷ್ಟ. ವೈಟ್ ಅವರೊಂದಿಗೆ ದುಡಿದ ಫ್ರೆಡ್ ಕೆಂಟ್ 1975ರಲ್ಲಿ ಸ್ಥಾಪಿಸಿದ ‘ಪ್ರಾಜೆಕ್ಟ್ ಫಾರ್ ಪಬ್ಲಿಕ್ ಸ್ಪೇಸಸ್’ ಎಂಬ ಸಂಸ್ಥೆಯು ಮುಂದೆ ಡೆಟ್ರಾಯಿಟಿನ ಯೋಜನೆಗೆ ಸಲಹೆ ನೀಡಿತು.

ಕ್ಯಾಂಪಸ್ ಮಾರ್ಷಿಯಸ್ ಚೌಕವನ್ನು ಉದ್ಯಾನವಾಗಿ ಮರಳಿ ರೂಪಿಸಬೇಕೆಂದು ಮೇಯರ್ ಡೆನಿಸ್ ಆರ್ಚರ್ ಅವರ ಕಾಲದಲ್ಲಿ ಆರಂಭವಾದ ಆಲೋಚನೆಗೆ, 2001ರಲ್ಲಿ ಬಂದ ನಗರದ ಮುನ್ನೂರನೇ ವರ್ಷಾಚರಣೆ ಒತ್ತಾಸೆಯಾಯಿತು. ರಸ್ತೆಗಳನ್ನು ತಿರುಗಿಸಿ, ಅಂತರ್ಯುದ್ಧದ ಯೋಧರ ಸ್ಮಾರಕವನ್ನು ಅದರ ಹಳೆಯ ಸ್ಥಾನದಿಂದ ಎತ್ತಿ ಮತ್ತೆ ನಿಲ್ಲಿಸಿ ರೂಪಿಸಿದ ಉದ್ಯಾನ 2004ರ ನವೆಂಬರಿನಲ್ಲಿ ತೆರೆಯಿತು. ವಿಸ್ತೀರ್ಣ ಎರಡು ಎಕರೆಯನ್ನೂ ಮುಟ್ಟದ ಈ ಜಾಗದಲ್ಲಿ ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಅಂಗಳವಿರುತ್ತದೆ. ಬೇಸಿಗೆಯಲ್ಲಿ ಮರಳು ಸುರಿದು ಕಡಲತೀರವನ್ನೇ ನಿರ್ಮಿಸುವ ಪದ್ಧತಿ ಆಮೇಲೆ ಬಂತು. ನೆಲ ನಗರದ್ದಾದರೂ, ನಿತ್ಯದ ಗುಡಿಸುವಿಕೆ, ಕಾವಲು, ಸಂಗೀತ ಕಾರ್ಯಕ್ರಮಗಳ ಹೊಣೆಯನ್ನು ಲಾಭದ ಉದ್ದೇಶವಿಲ್ಲದ ಸಂಸ್ಥೆಗೆ ವಹಿಸಲಾಯಿತು. ಉದ್ಯಾನದ ಯಶಸ್ಸಿಗೆ ವಿನ್ಯಾಸಕ್ಕಿಂತ ಈ ಅನುದಿನದ ನಿರ್ವಹಣೆಯೇ ಹೆಚ್ಚಿನ ಕಾರಣವೆನ್ನಬೇಕು. ಹಿಮ ಬೀಳುವ ಊರಿನಲ್ಲಿ ವರ್ಷದ ಹನ್ನೆರಡು ತಿಂಗಳೂ ಜನರಿಗೆ ಬರಲು ನೆಪವೊದಗಿಸುವುದು ಸುಲಭದ ಕೆಲಸವಲ್ಲ.

ಆದರೂ ಪೇಟೆಯ ಚೇತರಿಕೆಯನ್ನು ಉದ್ಯಾನವೊಂದರ ಲೆಕ್ಕಕ್ಕೇ ಬರೆಯುವುದು ನ್ಯಾಯವಾಗದು. ಕಂಪ್ಯೂವೇರ್ ಸಂಸ್ಥೆ ತನ್ನ ಪ್ರಧಾನ ಕಚೇರಿಯನ್ನು 2003ರಲ್ಲಿಯೇ ಚೌಕದ ಅಂಚಿಗೆ ತಂದಿತ್ತು. ಗೃಹಸಾಲದ ಸಂಸ್ಥೆ ಕ್ವಿಕನ್ ಲೋನ್ಸ್ 2010ರಲ್ಲಿ ಹೊರವಲಯದಿಂದ ಅದೇ ಕಟ್ಟಡಕ್ಕೆ ಬಂತು. ಕಚೇರಿಯ ನೌಕರರು ಮಧ್ಯಾಹ್ನ ಉದ್ಯಾನಕ್ಕೆ ಇಳಿದರು, ಉದ್ಯಾನವಿದ್ದುದರಿಂದ ಸಂಜೆಯೂ ಉಳಿದರು, ಉಳಿದವರನ್ನು ನೆಚ್ಚಿ ಸುತ್ತ ಉಪಾಹಾರಗೃಹಗಳು ತೆರೆದವು. 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಸಲ್ಲಿಸಿದಾಗಲೂ ಈ ಚಲನೆ ನಿಲ್ಲಲಿಲ್ಲ.

ಅದರ ಫಲ ಮಾತ್ರ ಬಹುಕಾಲ ನಡುಪೇಟೆಯ ಆಸುಪಾಸಿನಲ್ಲಿಯೇ ಉಳಿಯಿತು. ಸುಮಾರು 139 ಚದರ ಮೈಲಿ ಹರಡಿರುವ ನಗರದ ಉಳಿದ ಬಡಾವಣೆಗಳಲ್ಲಿ, ಬಹುಪಾಲು ಕಪ್ಪುಜನರೇ ಬಾಳುವ ಬೀದಿಗಳಲ್ಲಿ, ಸಾವಿರಾರು ಮನೆಗಳು ಪಾಳುಬಿದ್ದಿದ್ದವು. ಅಲ್ಲಿನವರು ತಮ್ಮ ಪಾಲೇನು ಎಂದು ಕೇಳಿದ್ದು ಸಂಪೂರ್ಣ ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವೆಂಬಂತೆ, ವಾಯವ್ಯದ ಫಿಟ್ಜ್‌ಜೆರಾಲ್ಡ್ ಬಡಾವಣೆಯಲ್ಲಿ ಖಾಲಿ ನಿವೇಶನಗಳನ್ನು ಒಗ್ಗೂಡಿಸಿ ನಿರ್ಮಿಸಿದ ‘ಎಲಾ ಫಿಟ್ಜ್‌ಜೆರಾಲ್ಡ್’ ಎಂಬ ಉದ್ಯಾನವು 2018ರಲ್ಲಿ ತೆರೆಯಿತು. ಹತ್ತಿರದ ಲಿವರ್ನಾಯ್ ಮತ್ತು ಮೆಕ್‌ನಿಕಲ್ಸ್ ರಸ್ತೆಗಳ ಹಳೆಯ ಅಂಗಡಿ ಸಾಲುಗಳನ್ನು ಎತ್ತಿ ನಿಲ್ಲಿಸುವ ಕೆಲಸವೂ ಅದರ ಜೊತೆಜೊತೆಗೇ ಆರಂಭವಾಯಿತು.