ಗಣಕಯಂತ್ರದ ಹಿಮ್ಮೇಳ

ಮಂದಾರ್ತಿಯ ಮೇಳವೋ ಮಾರಣಕಟ್ಟೆಯ ಮೇಳವೋ ರಾತ್ರಿಯ ಆಟಕ್ಕೆ ನಿಂತಾಗ ನೋಡುವವರ ಕಣ್ಣೆಲ್ಲ ವೇಷಧಾರಿಯ ಮೇಲೆ. ಭಾಗವತರು, ಮದ್ದಳೆಯವರು, ಚೆಂಡೆಯವರು ಹಿಂದೆ ಇದ್ದುಬಿಡುತ್ತಾರೆ. ಅವರಲ್ಲೊಬ್ಬರು ಬಾರದೆ ಹೋದ ದಿನ ಮಾತ್ರ, ಎಷ್ಟೇ ದೊಡ್ಡ ವೇಷವಾದರೂ ಹಿಮ್ಮೇಳವಿಲ್ಲದೆ ರಂಗಕ್ಕೆ ಬರಲಾರದೆಂಬುದು ಎಲ್ಲರಿಗೂ ತಿಳಿಯುತ್ತದೆ. ಮನೆಮನೆಗೂ ಬಂದಿರುವ ಗಣಕಯಂತ್ರದ ಒಳಗೂ ಇಂತಹ ಹಿಮ್ಮೇಳವೊಂದಿದೆ. ಹಣ ಕೊಡದೆ ಪಡೆಯಬಹುದಾದ, ಒಳಗನ್ನೆಲ್ಲ ಬಿಚ್ಚಿ ನೋಡಬಹುದಾದ ಲಿನಕ್ಸ್ ವ್ಯವಸ್ಥೆಯನ್ನು ಬಳಸುವವರಿಗಂತೂ ಅದರ ಪರಿಚಯ ಬೇಗನೆ ಆಗುತ್ತದೆ. ಹೆಚ್ಚಾಗಿ, ಅದು ಕೈಕೊಟ್ಟ ದಿನ.

ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಹೊರತಂದದ್ದು ಈ ವ್ಯವಸ್ಥೆಯ ತಿರುಳನ್ನು ಮಾತ್ರ. ಬರಿಯ ತಿರುಳಿನಿಂದ ಪತ್ರವನ್ನೂ ಬರೆಯಲಾಗದು, ಚಿತ್ರವನ್ನೂ ನೋಡಲಾಗದು. ಅದರ ಜೊತೆಗೆ ಸಾವಿರಾರು ತಂತ್ರಾಂಶಗಳನ್ನು ಹೊಂದಿಸಿ ಹಂಚುವ ಕೆಲಸವನ್ನು ಬೇರೆ ಬೇರೆ ಬಳಗಗಳು ವಹಿಸಿಕೊಂಡವು. ಡೆಬಿಯನ್ 1993ರಲ್ಲಿ ಹುಟ್ಟಿತು. ಫೆಡೋರಾ, ಉಬುಂಟು, ಆರ್ಚ್ ಮೊದಲಾದವು ಅನಂತರ ಬಂದವು. ಇವುಗಳಿಗೆ ವಿತರಣೆಗಳೆಂದು ಹೆಸರು. ಪ್ರಸಂಗ ಒಂದೇ ಆದರೂ ಬಡಗುತಿಟ್ಟಿನ ಆಟ ಬೇರೆ, ತೆಂಕುತಿಟ್ಟಿನ ಆಟ ಬೇರೆ ಎಂಬುದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಬಡಗಿನ ಚೆಂಡೆಯನ್ನು ತೆಂಕಿನ ರಂಗದಲ್ಲಿ ಇಟ್ಟರೆ ನಾದ ಕೂಡುವುದಿಲ್ಲ. ವಿತರಣೆಗಳ ಸಂಗತಿಯೂ ಹಾಗೆಯೇ.

ಪ್ರತಿಯೊಂದು ತಂತ್ರಾಂಶವೂ ಒಂದು ಕಟ್ಟಾಗಿ ಬರುತ್ತದೆ. ಇದನ್ನು ಬಲ್ಲವರು ಪ್ಯಾಕೇಜು ಎನ್ನುತ್ತಾರೆ. ಆ ಕಟ್ಟಿನಲ್ಲಿ ಒಂದು ಚೀಟಿಯೂ ಇರುತ್ತದೆ: ಇಂತಿಂತಹ ಕಟ್ಟುಗಳು, ಇಂತಿಷ್ಟಕ್ಕಿಂತ ಹಳೆಯದಲ್ಲದವು, ಮೊದಲೇ ಮನೆಯಲ್ಲಿರಬೇಕು. ಈ ಬೇಡಿಕೆಗೆ ಅವಲಂಬನೆಯೆಂದು ಹೆಸರು. ಹತ್ತು ತಂತ್ರಾಂಶಗಳಿಗೆ ಬೇಕಾದ ಒಂದು ಕೆಲಸವನ್ನು ಹತ್ತು ಸಲ ಬರೆಯುವ ಬದಲು ಒಮ್ಮೆ ಬರೆದು ಹಂಚಿಕೊಳ್ಳುವ ಜಾಣತನವೇ ಇದರ ಮೂಲ. ಆದರೆ ಒಬ್ಬನಿಗೆ ಇನ್ನೊಬ್ಬ, ಇನ್ನೊಬ್ಬನಿಗೆ ಮತ್ತೊಬ್ಬ ಎಂದು ಬೇಡಿಕೆ ಬೆಳೆಯುತ್ತ ಹೋಗುತ್ತದೆ. ಒಂದು ಕಾಲದಲ್ಲಿ ಇವನ್ನೆಲ್ಲ ಬಳಸುವವನೇ ಹುಡುಕಿ ತರಬೇಕಾಗಿತ್ತು. 1999ರಲ್ಲಿ ಡೆಬಿಯನ್ ತನ್ನ 2.1ನೆಯ ಆವೃತ್ತಿಯೊಡನೆ ಆಪ್ಟ್ ಎಂಬ ಸಲಕರಣೆಯನ್ನು ಕೊಟ್ಟ ಮೇಲೆ ಆ ಅಲೆದಾಟ ಬಹುಮಟ್ಟಿಗೆ ತಪ್ಪಿತು.

ಕನ್ನಡದ ಉದಾಹರಣೆಯನ್ನೇ ನೋಡಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ಹೆಸರುಗಳನ್ನು ಪರದೆಯ ಮೇಲೆ ಬರೆಯಬೇಕೆಂದು ಇಟ್ಟುಕೊಳ್ಳೋಣ. ಕರಾವಳಿಯವರೇ ಆದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಕನ್ನಡಿಗರ ಬೆರಳಿಗೆ ಒಗ್ಗಿದೆ. ಅದನ್ನು ಲಿನಕ್ಸಿನಲ್ಲಿ ಬಳಸಲು ಐಬಸ್ ಎಂಬ ತಂತ್ರಾಂಶ ಬೇಕು. ಅದಕ್ಕೆ ಎಂ17ಎನ್ ಎಂಬ ಗ್ರಂಥಾಲಯದೊಡನೆ ಮಾತನಾಡಿಸುವ ದುಭಾಷಿಯೊಬ್ಬ ಬೇಕು. ಆ ಗ್ರಂಥಾಲಯಕ್ಕೆ ಕೀಲಿಮಣೆಗಳ ವಿವರವುಳ್ಳ ಕೋಶ ಬೇಕು. ಗ್ರಂಥಾಲಯವೆಂದರೆ ಇಲ್ಲಿ ಪುಸ್ತಕಗಳ ಮನೆಯಲ್ಲ, ಹಲವು ತಂತ್ರಾಂಶಗಳು ಕೂಡಿ ಬಳಸುವ ಭಂಡಾರ. ಇದು ಬೆಳೆದದ್ದು ಜಪಾನಿನ ಒಂದು ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಲ್ಲಿ! ಬರೆದದ್ದು ಕಾಣಬೇಕಾದರೆ ಪ್ಯಾಂಗೋ, ಹಾರ್ಫ್‌ಬಝ್ ಎಂಬ ಇನ್ನೆರಡು ಬೇಕು. ಹಾರ್ಫ್‌ಬಝ್ ಎಂಬ ಹೆಸರು ಪಾರಸಿಯಿಂದ ಬಂದದ್ದು. ಕಡೆಗೆ, ಅಕ್ಷರಗಳ ಆಕಾರವನ್ನು ಹೊತ್ತ ಫಾಂಟು. ಮೂರು ಊರುಗಳಲ್ಲಿ ಬ್ರಹ್ಮಾವರದ ಹೆಸರೇ ಯಂತ್ರಕ್ಕೆ ಕಷ್ಟದ್ದು, ಏಕೆಂದರೆ ಅದರಲ್ಲಿ ಎರಡು ಒತ್ತಕ್ಷರಗಳಿವೆ. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಒತ್ತುಗಳು ತಮ್ಮ ಅಕ್ಷರವನ್ನು ಬಿಟ್ಟು ಬೇರೆಯಾಗಿ ನಿಲ್ಲುತ್ತವೆ, ಇಲ್ಲವೇ ಅಕ್ಷರಗಳ ಬದಲು ಬರಿಯ ಚೌಕಗಳು ಸಾಲುಗಟ್ಟುತ್ತವೆ.

ಈಗ ಕುಂದಾಪುರದ ಯಂತ್ರದಲ್ಲಿ ಡೆಬಿಯನ್, ಬೈಂದೂರಿನದರಲ್ಲಿ ಫೆಡೋರಾ, ಬ್ರಹ್ಮಾವರದ್ದರಲ್ಲಿ ಆರ್ಚ್ ಇದೆಯೆಂದು ಭಾವಿಸಿ. ಲೋಹಿತ್ ಎಂಬ ಒಂದೇ ಕನ್ನಡ ಫಾಂಟು ಡೆಬಿಯನ್ನಿನಲ್ಲಿ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’ ಎಂಬ ಹೆಸರಿನಿಂದ, ಫೆಡೋರಾದಲ್ಲಿ ‘ಲೋಹಿತ್-ಕನ್ನಡ-ಫಾಂಟ್ಸ್’ ಎಂಬ ಹೆಸರಿನಿಂದ ದೊರೆಯುತ್ತದೆ. ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ಬೇರ್ಪಟ್ಟು ಹೊಸ ತಾಲ್ಲೂಕುಗಳಾದಾಗ ಹಳ್ಳಿಗಳು ಇದ್ದಲ್ಲಿಯೇ ಇದ್ದುವು, ಕಾಗದಪತ್ರಗಳ ಮೇಲಿನ ತಾಲ್ಲೂಕು ಮಾತ್ರ ಬದಲಾಯಿತು. ಹಳೆಯ ವಿಳಾಸ ಹೊತ್ತ ಅರ್ಜಿಯಂತೆ, ಹಳೆಯ ಹೆಸರನ್ನು ಕೇಳುವ ಪ್ಯಾಕೇಜೂ ತಿರುಗಿ ಬರುತ್ತದೆ: ‘ಅವಲಂಬನೆ ಪೂರೈಸಿಲ್ಲ.’

ಹೆಸರಿನ ತೊಡಕು ಹೇಗೋ ಬಗೆಹರಿಯುವಂತಹುದು. ವಯಸ್ಸಿನ ತೊಡಕು ಬಗೆಹರಿಯುವುದು ಕಷ್ಟ. ಹೊಸ ವಿತರಣೆಯಲ್ಲಿ ಸಿದ್ಧವಾದ ತಂತ್ರಾಂಶ ತನ್ನ ಕಾಲದ ಗ್ರಂಥಾಲಯವನ್ನೇ ಕೇಳುತ್ತದೆ, ಹಳೆಯ ಯಂತ್ರದಲ್ಲಿ ಅದು ಇರುವುದಿಲ್ಲ. ಹೊಸದನ್ನು ಬಲವಂತವಾಗಿ ತಂದರೆ ಹಳೆಯದನ್ನೇ ನಂಬಿದ ಇಪ್ಪತ್ತು ತಂತ್ರಾಂಶಗಳು ಮುನಿಯುತ್ತವೆ. ಎಲ್ಲರ ಬೇಡಿಕೆಯನ್ನೂ ಒಟ್ಟಿಗೆ ಸಲ್ಲಿಸುವ ಜೋಡಣೆಯೊಂದು ಇದೆಯೇ ಎಂಬ ಪ್ರಶ್ನೆ ಗಣಿತದ ಅತಿ ಕಠಿಣ ಸಮಸ್ಯೆಗಳ ವರ್ಗಕ್ಕೆ ಸೇರಿದ್ದೆಂದು ಯೂರೋಪಿನ ಎಡೋಸ್ ಎಂಬ ಸಂಶೋಧನಾ ಯೋಜನೆಯ ವಿದ್ವಾಂಸರು ತೋರಿಸಿಕೊಟ್ಟರು. 2023ರ ಡೆಬಿಯನ್ನಿನಲ್ಲಿ 64 ಸಾವಿರಕ್ಕೂ ಮೀರಿ ಪ್ಯಾಕೇಜುಗಳಿದ್ದುವೆಂಬುದನ್ನು ನೆನೆದರೆ, ಇದು ಪ್ರತಿದಿನವೂ ಬಗೆಹರಿಯುತ್ತಿರುವುದೇ ಸೋಜಿಗ. ಸ್ವತಃ ಟೋರ್ವಾಲ್ಡ್ಸರೇ 2014ರ ಡೆಬಿಯನ್ ಸಮ್ಮೇಳನದಲ್ಲಿ ಈ ವಿಷಯವಾಗಿ ದೂರಿದರು. ನೀರಿನಾಳದಲ್ಲಿ ಮುಳುಗುವ ಹವ್ಯಾಸಿಗಳಿಗಾಗಿ ಅವರು ಆರಂಭಿಸಿದ್ದ ಸಬ್‌ಸರ್ಫೇಸ್ ಎಂಬ ತಂತ್ರಾಂಶವನ್ನು ವಿಂಡೋಸಿಗೂ ಮ್ಯಾಕಿಗೂ ಸಿದ್ಧಪಡಿಸಿ ಕೊಡುವುದು ಸುಲಭವಾಗಿತ್ತು; ತಮ್ಮದೇ ಲಿನಕ್ಸಿನ ನಾನಾ ವಿತರಣೆಗಳಿಗೆ ಕೊಡುವುದೇ ದುಸ್ಸಾಧ್ಯವಾಗಿತ್ತು. ತಾನು ಕಟ್ಟಿದ ಮನೆಯ ಬಾಗಿಲಲ್ಲೇ ತಾನು ನಿಲ್ಲಬೇಕಾದ ಗೃಹಸ್ಥನ ಪಾಡು!

ಇನ್ನೊಬ್ಬ ಲಿನಸನ ಕಥೆ ಇದಕ್ಕಿಂತ ಪ್ರಸಿದ್ಧ. ಕೆನಡಾದ ಲಿನಸ್ ಸೆಬಾಸ್ಟಿಯನ್ ಯಂತ್ರಗಳ ಗುಣದೋಷಗಳನ್ನು ಚಿತ್ರಿಸಿ ತೋರಿಸುವವರು. 2021ರಲ್ಲಿ ಅವರು ಪಾಪ್ ಓಎಸ್ ಎಂಬ ವಿತರಣೆಯಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶವನ್ನು ಹಾಕಿಕೊಳ್ಳಹೊರಟರು. ಆ ಗಳಿಗೆಯಲ್ಲಿ ಅದರ ಅವಲಂಬನೆಯ ಲೆಕ್ಕದಲ್ಲೊಂದು ದೋಷವಿತ್ತು. ಸ್ಟೀಮ್ ಬೇಕಾದರೆ ಪರದೆಯ ವ್ಯವಸ್ಥೆಯನ್ನೇ ಕಿತ್ತುಹಾಕುವೆನೆಂದು ಆಪ್ಟ್ ಎಚ್ಚರಿಸಿತು. ಒಪ್ಪಿಗೆಯಿದ್ದರೆ ‘ಹೌದು, ಹೇಳಿದಂತೆ ಮಾಡು’ ಎಂಬ ಅರ್ಥದ ವಾಕ್ಯವನ್ನು ಬರೆಯೆಂದು ಕೇಳಿತು. ಅವರು ಬರೆದರು. ಯಂತ್ರ ಹೇಳಿದಂತೆಯೇ ಮಾಡಿತು. ಚಿತ್ರಗಳು, ಕಿಟಕಿಗಳೆಲ್ಲ ಮಾಯವಾಗಿ ಕಪ್ಪು ಪರದೆಯ ಮೇಲೆ ಅಕ್ಷರಗಳಷ್ಟೇ ಉಳಿದುವು. ನೋಡಿದವರಲ್ಲಿ ಹಲವರು ನಕ್ಕರು; ಆಪ್ಟನ್ನು ನೋಡಿಕೊಳ್ಳುವವರು ನಗದೆ, ಇಂತಹ ಅನಾಹುತಕ್ಕೆ ಅಷ್ಟು ಸುಲಭವಾಗಿ ಒಪ್ಪದಂತೆ ಸಲಕರಣೆಯನ್ನೇ ತಿದ್ದಿದರು. ನಕ್ಕವರಿಗಿಂತ ತಿದ್ದಿದವರೇ ಸರಿ. ಆದರೂ ‘ತೆಗೆದುಹಾಕಲಾಗುವುದು’ ಎಂಬ ಪಟ್ಟಿಯನ್ನು ಓದದೆ ಹೌದೆನ್ನಬಾರದು. ಒಂದು ವಿತರಣೆಯ ಭಂಡಾರಕ್ಕೆ ಇನ್ನೊಂದರದನ್ನು ಬೆರೆಸುವುದೂ ಸಲ್ಲದು. ಮುರಿದ ಕಟ್ಟುಗಳನ್ನು ಸರಿಪಡಿಸುವ ಆಜ್ಞೆ ಆಪ್ಟಿನಲ್ಲಿಯೇ ಇದೆ; ಬಲವಂತದ ದಾರಿ ಹಿಡಿಯುವ ಮೊದಲು ಅದನ್ನು ಕೇಳಿ ನೋಡಬಹುದು.

ಈಚಿನ ವರ್ಷಗಳಲ್ಲಿ ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಆಪ್‌ಇಮೇಜ್ ಎಂಬ ಬೇರೊಂದು ಬಗೆ ರೂಢಿಗೆ ಬಂದಿದೆ. ಊರೂರು ತಿರುಗುವ ಮೇಳ ತನ್ನ ಪೆಟ್ಟಿಗೆಗಳನ್ನು ಜೊತೆಗೇ ಹೊತ್ತೊಯ್ಯುವಂತೆ, ತಂತ್ರಾಂಶ ತನಗೆ ಬೇಕಾದುದನ್ನು ತಾನೇ ತರುತ್ತದೆ. ಯಾವ ವಿತರಣೆಯಾದರೂ ಸರಿ. ಸಬ್‌ಸರ್ಫೇಸ್ ಕೂಡ ಲಿನಕ್ಸಿಗೆ ಇಂತಹ ಪೆಟ್ಟಿಗೆಯಲ್ಲಿ ದೊರೆಯುತ್ತದೆ. ಆದರೆ ಪೆಟ್ಟಿಗೆ ಭಾರ, ಜಾಗವನ್ನು ನುಂಗುತ್ತದೆ. 2014ರಲ್ಲಿ ಗುಟ್ಟು ಕಾಯಬೇಕಾದ ಓಪನ್‌ಎಸ್‌ಎಸ್‌ಎಲ್ ಗ್ರಂಥಾಲಯದಲ್ಲಿ ಹಾರ್ಟ್‌ಬ್ಲೀಡ್ ಎಂಬ ಬಿರುಕು ಕಂಡಾಗ, ಹಂಚಿಕೊಂಡ ಒಂದು ಪ್ರತಿಯನ್ನು ತಿದ್ದಿದರೆ ಅದನ್ನು ನಂಬಿದ ತಂತ್ರಾಂಶಗಳೆಲ್ಲವೂ ಸರಿಯಾಗುತ್ತಿದ್ದುವು. ನೂರು ಪೆಟ್ಟಿಗೆಗಳಲ್ಲಿ ನೂರು ಪ್ರತಿಗಳಿದ್ದರೆ ತಿದ್ದುವವರು ಯಾರು?

ಗಡಿಯಾಚೆಯ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಪಾಡಿಲ್ಲ. ಕೇರಳ ಸರಕಾರದ ಕೈಟ್ ಸಂಸ್ಥೆ ಉಬುಂಟುವಿನ ಆಧಾರದ ಮೇಲೆ ಶಾಲೆಗಳಿಗೆಂದೇ ಒಂದು ಲಿನಕ್ಸನ್ನು ಅಣಿಮಾಡಿ ಕೊಡುತ್ತದೆ. ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ಹೊಂದಿಸಿ ನೋಡುವ ಹೊಣೆ ಶಾಲೆಯ ಅಧ್ಯಾಪಕರ ತಲೆಯ ಮೇಲಿಲ್ಲ.

ಕನ್ನಡಕ್ಕಾಗಿ ಡೆಬಿಯನ್ನಿನ ಸ್ವಯಂಸೇವಕರು ಮಾಡಿಟ್ಟಿರುವುದು ಇದಕ್ಕಿಂತ ಬಹಳ ಚಿಕ್ಕದು. ‘ಫಾಂಟ್ಸ್-ಕೆಎನ್‌ಡಿಎ’ ಎಂಬುದು ಅದರ ಹೆಸರು. ಅದನ್ನು ಕೇಳಿದರೆ ಕನ್ನಡದ ಫಾಂಟುಗಳು ಒಟ್ಟಿಗೇ ಬರುತ್ತವೆ. ಬಿಚ್ಚಿ ನೋಡಿದರೆ ಅದರೊಳಗೆ ಒಂದಕ್ಷರದ ಆಕಾರವೂ ಇಲ್ಲ. ಇರುವುದು ಚೀಟಿ ಮಾತ್ರ. ಅದರ ಮೇಲೆ ಲೋಹಿತ್, ಗುಬ್ಬಿ, ನವಿಲು ಎಂಬ ಮೂರು ಹೆಸರುಗಳು.